ಏಳಕ್ಕೆ ಒಪ್ಪಿದ ಒಂದೇ ಸಂಖ್ಯೆ

ಕಳೆದ ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಟ್ಟ ದಿನ ನಾನು ನೀರ್ಚಾಲಿನ ತವರಿನಲ್ಲಿದ್ದೆ. ಕರೆಂಟ್ ಇಲ್ಲ, ಮೊಬೈಲುಗಳಲ್ಲಿ ಚಾರ್ಜೂ ಇಲ್ಲ. ಏಳನೇ ಕ್ಲಾಸಿನ ಅಣ್ಣನ ಮಗಳು ಜಗಲಿಗೆ ಬಂದು "ಅತ್ತೆ, ಏನಾದ್ರೂ ಹೇಳಿ" ಅಂದಳು. ನನಗೆ ತುಂಬ ಇಷ್ಟದ ಲೆಕ್ಕವೊಂದನ್ನು ಕೊಟ್ಟೆ.

1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದೇ ಸಲ ಬಳಸಿ ಒಂದು ಸಂಖ್ಯೆ ಬರೆಯಬೇಕು. ಅದರ ಮೊದಲ ಎರಡು ಅಂಕಿ 2ರಿಂದ, ಮೊದಲ ಮೂರು 3ರಿಂದ, ಹೀಗೇ ಇಡೀ ಸಂಖ್ಯೆ 9ರಿಂದ ಶೇಷವಿಲ್ಲದೆ ಭಾಗವಾಗಬೇಕು. ಸುಮ್ನೆ ಜೋಡಿಸುತ್ತಾ ಹೋದರೆ 3,62,880 ಬಗೆ ಇವೆ!

"ಐದನೇದು ಐದೇ ಅಲ್ವಾ?" ಹಳೆ ಕ್ಯಾಲೆಂಡರಿನ ಹಾಳೆ ಮಗುಚಿ, ನಡುವಿನ ಮನೆಯಲ್ಲಿ 5 ಬರೆದಳು. 2, 4, 6, 8ನೇ ಜಾಗಕ್ಕೆ ಸಮಸಂಖ್ಯೆಗಳೇ ಬೇಕು. ಅಲ್ಲಿಗೆ 1, 3, 7, 9 ಉಳಿದ ಜಾಗಗಳಿಗೆ ಹೋದವು. 9ರ ಚಿಂತೆಯೇ ಇಲ್ಲ, ಒಟ್ಟು ಮೊತ್ತ ಹೇಗೂ 45.

ಚಂದ ಇರುವುದು 4ರ ಹತ್ತಿರ. ಬೆಸ ಅಂಕಿಯ ಮುಂದೆ 4 ಅಥವಾ 8 ಇಟ್ಟು ನೋಡಿ: 14, 38, 74. ಯಾವುದೂ 4ರಿಂದ ಭಾಗವಾಗುವುದಿಲ್ಲ. 12, 36, 76 ಆಗುತ್ತವೆ. ಅಂದರೆ ನಾಲ್ಕನೆಯದು 2 ಅಥವಾ 6. ಎಂಟನೆಯದಕ್ಕೂ ಇದೇ ಮಾತು. ಉಳಿದ 4 ಮತ್ತು 8 ಎರಡನೇ, ಆರನೇ ಜಾಗಕ್ಕೆ. ಮೊದಲ ಮೂರೂ ಮೊದಲ ಆರೂ 3ರಿಂದ ಭಾಗವಾಗಬೇಕಾದರೆ ನಡುವಿನ ಮೂರು ಅಂಕಿಗಳ ಮೊತ್ತವೂ 3ರಿಂದ ಹೋಗಬೇಕು. ಹಾಗಾಗಿ ಅಲ್ಲಿ 258 ಅಥವಾ 654, ಬೇರೆ ಇಲ್ಲ. 8ರ ನಿಯಮವನ್ನೂ ಹಾಕಿ ಸೋಸಿದಾಗ ಉಳಿದದ್ದು ಬರೀ ಹತ್ತು ಸಂಖ್ಯೆ. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಭಾಜ್ಯತೆಯ ನಿಯಮಗಳಿಗೆ ಎಷ್ಟು ಶಕ್ತಿ ಇದೆ ಅಂತ ನನಗೆ ಪ್ರತಿ ಸಲ ಇಲ್ಲಿ ಅನ್ನಿಸುತ್ತದೆ.

ಇನ್ನು ಉಳಿದದ್ದು ಏಳು. ಇದಕ್ಕೆ ಕೊನೆಯ ಅಂಕಿ ನೋಡಿಯೋ ಅಂಕಿ ಕೂಡಿಸಿಯೋ ಹೇಳುವ ಸುಲಭದ ದಾರಿ ಇಲ್ಲ. ಕೂತು ಭಾಗಿಸಲೇಬೇಕು. 9876543 ಕಂಡ ಕೂಡಲೇ "ಇದೇ ಇರಬೇಕು, ಎಷ್ಟು ಚಂದ ಇಳಿದಿದೆ!" ಅಂದಳು. ಭಾಗಿಸಿದರೆ ಶೇಷ 5. 1836547ಕ್ಕೆ ಶೇಷ 6. ಅದರ 1 ಮತ್ತು 3 ಅದಲುಬದಲಾದರೆ 3816547. ಅದನ್ನು ಭಾಗಿಸಿದಾಗ 545221, ಶೇಷ ಸೊನ್ನೆ. ಉಳಿದವನ್ನೂ ಬಿಡದೆ ನೋಡಿದಳು. ಒಂದೂ ಹೋಗಲಿಲ್ಲ. ಹಾಳೆಯ ಕೆಳಗೆ ದಪ್ಪಗೆ ಬರೆದಳು: 381654729. ಲಕ್ಷಗಟ್ಟಲೆಯಲ್ಲಿ ಇದೊಂದೇ.

ಕೊನೆಗೊಂದು 0 ಸೇರಿಸಿದರೆ 10ರಿಂದಲೂ ಭಾಗವಾಗುತ್ತದೆ ಅಂತ ಅವಳೇ ಹೇಳಿದಳು. "ಇನ್ನೂ ಉದ್ದ ಹೋಗ್ತದಾ?"

ಅಂಕಿಗಳು ಮತ್ತೆ ಮತ್ತೆ ಬರಬಹುದಾದರೆ ಹೋಗುತ್ತದೆ, 25 ಅಂಕಿಯವರೆಗೆ. ಆಮೇಲೆ ದಾರಿಯೇ ಇಲ್ಲ. ಅಷ್ಟು ಉದ್ದದ್ದು ಒಂದೇ ಒಂದು. ನನ್ನ ಡೈರಿಯಲ್ಲಿ ಬರೆದಿಟ್ಟಿದ್ದೆ, ತೋರಿಸಿದೆ: 3608528850368400786036725.

ಅವಳು ಮೊದಲ ಹನ್ನೊಂದು ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿದಳು. ಅತ್ತ 24, ಇತ್ತ 24. 11 ಸರಿ. 12ಕ್ಕೆ 3 ಮತ್ತು 4 ನೋಡಿದರೆ ಸಾಕು, ಅದೂ ಸರಿ. 13 ಬಂದಾಗ ಮತ್ತೊಂದು ಹಾಳೆ ಹರಿದು ಭಾಗಾಕಾರಕ್ಕೆ ಕೂತಳು.