ಕಾದ ಗಾಳಿ ಮೇಲೇರದ ಜಾಗದಲ್ಲಿ ಲ್ಯಾಪ್‌ಟಾಪ್

ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನ ದೊಡ್ಡ ಆಂಟೆನಾಗಳನ್ನು ನೋಡಿಕೊಂಡೇ ಬೆಳೆದ ಹುಡುಗರು ರಿಪೇರಿ ಕಲಿಯಲು ಬಂದಾಗ, ಬಾಹ್ಯಾಕಾಶದಲ್ಲಿ ಇರುವುದೆಲ್ಲ ವಿಶೇಷವಾಗಿ ತಯಾರಾದ ಸಾಮಾನು ಅಂದುಕೊಂಡಿರುತ್ತಾರೆ. ಆದರೆ ಸುಮಾರು 400 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಓಡಿದ್ದು ಥಿಂಕ್‌ಪ್ಯಾಡ್, ಎಚ್‌ಪಿ ಜೆಡ್‌ಬುಕ್ ಲ್ಯಾಪ್‌ಟಾಪ್, ನಿಕಾನ್ ಕ್ಯಾಮೆರಾ. ನಮ್ಮ ಬೆಂಚಿಗೆ ಬರುವ ಜಾತಿಯವೇ. ಹೀಟಿಂಗ್ ಕಂಪ್ಲೇಂಟ್ ಅರ್ಥವಾಗಬೇಕಾದರೆ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಇಲ್ಲಿ ಫ್ಯಾನ್ ಸೋತರೂ ಸ್ವಲ್ಪ ಬಿಸಿ ತಾನಾಗಿ ಹೋಗುತ್ತದೆ. ಕಾದ ಗಾಳಿ ಹಗುರ, ಮೇಲೇರುತ್ತದೆ. ತೂಕವೇ ಇಲ್ಲದ ಕಡೆ ಅದು ಏರುವುದಿಲ್ಲ, ಚಿಪ್ ಸುತ್ತಲೇ ನಿಂತುಬಿಡುತ್ತದೆ. ಧೂಳೂ ನೆಲಕ್ಕೆ ಕೂರದೆ ತೇಲಿಕೊಂಡು, ಗಾಳಿ ಎಳೆಯುವ ಜಾಲರಿಗೇ ಹೋಗಿ ಅಂಟುತ್ತದೆ. ಗಗನಯಾತ್ರಿಗಳು ವ್ಯಾಕ್ಯೂಮ್ ಹಿಡಿದು ಜಾಲರಿ ಗುಡಿಸುವುದು ಅದಕ್ಕೇ. 2015ರಲ್ಲಿ ಮೇಲೆ ಹೋದ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೆ ಅಲ್ಯೂಮಿನಿಯಂ ಕವಚವನ್ನೇ ಚಿಪ್‌ನ ಬಿಸಿ ಹೀರಿ ಹೊರಚೆಲ್ಲುವ ಹೀಟ್‌ಸಿಂಕ್ ಮಾಡಿದ್ದರು. ಮುಟ್ಟುವ ಮೈ 45 ಡಿಗ್ರಿ ದಾಟಬಾರದು ಎಂಬ ನಿಯಮ.

ನಮ್ಮಲ್ಲಿ ಕಾಫಿ ಬೀಜದ ಹೊಟ್ಟು ಬಿಡಿಸುವ ಕ್ಯೂರಿಂಗ್ ಮಿಲ್‌ನಿಂದ ಬಂದ ಲ್ಯಾಪ್‌ಟಾಪ್ ಬಿಚ್ಚಿ ನೋಡಿ. ಫ್ಯಾನ್‌ಗೂ ಫಿನ್‌ಗೂ (ಹೀಟ್‌ಸಿಂಕಿನ ತೆಳು ತಗಡಿನ ಸಾಲು) ನಡುವೆ ಬೂದು ಕಂಬಳಿ ತುಂಡಿನ ಹಾಗೆ ಹೊಟ್ಟಿನ ಧೂಳು, ಮಳೆಗಾಲದ ಥಂಡಿಗೆ ಇನ್ನೂ ಗಟ್ಟಿ. ಹೊರಗಿನಿಂದ ಬ್ಲೋಯರ್ ಹಿಡಿದರೆ ಅದು ಒಳಗೇ ಮಗುಚಿಕೊಳ್ಳುತ್ತದೆ, ಅಷ್ಟೆ.

ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಆಮೇಲೆ ಫ್ಯಾನ್ ಬಿಚ್ಚಿ, ಆ ಪದರವನ್ನು ಚಿಮಟದಲ್ಲಿ ಇಡಿಯಾಗಿ ಎಳೆಯಿರಿ. ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಲ್ಲಿ ಹಿಡಿದಿರಿ, ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಹೀಟ್‌ಸಿಂಕ್ ತೆಗೆದು, ಪ್ರೊಸೆಸರ್‌ನ ಬಿಸಿಯನ್ನು ಅದಕ್ಕೆ ದಾಟಿಸುವ ಹಳೇ ಪೇಸ್ಟನ್ನು 99% ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೊಹಾಲ್) ಒರೆಸಿ, ಹೊಸದನ್ನು ಅಕ್ಕಿಕಾಳಿನಷ್ಟು ಹಾಕಿ ತೆಳ್ಳಗೆ ಹರಡಿ. ಹೆಚ್ಚು ಜನ ತಪ್ಪುವುದು ಪಕ್ಕದ ಚಿಪ್‌ಗಳ ಬಿಸಿ ದಾಟಿಸುವ ಮೆತ್ತನೆ ಹಾಳೆಯಾದ ಥರ್ಮಲ್ ಪ್ಯಾಡ್‌ನಲ್ಲಿ. 0.5 ಮಿ.ಮೀ. ಇದ್ದ ಕಡೆ 1 ಮಿ.ಮೀ. ಹಾಕಿದರೆ ಹೀಟ್‌ಸಿಂಕ್ ಎದ್ದು ನಿಂತು ಪ್ರೊಸೆಸರ್‌ಗೆ ತಾಗುವುದೇ ಇಲ್ಲ, ಮೊದಲಿಗಿಂತ ಜಾಸ್ತಿ ಕಾಯುತ್ತದೆ. ಸ್ಕ್ರೂಗಳನ್ನು ಹೀಟ್‌ಸಿಂಕ್ ಮೇಲೆ ಬರೆದಿರುವ ನಂಬರ್ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಕೊನೆಗೆ 15 ನಿಮಿಷ ಭಾರೀ ಕೆಲಸ (ಲೋಡ್) ಕೊಟ್ಟು ಗಾಳಿ ಹೊರಬರುವ ಬಾಯಿಗೆ ಅಂಗೈ ಹಿಡಿಯಿರಿ. ಸ್ಕ್ರೀನ್‌ನಲ್ಲಿ 95 ಡಿಗ್ರಿ ತೋರಿಸುತ್ತಾ ಬರುವ ಗಾಳಿ ತಣ್ಣಗಿದ್ದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ಚಿಪ್‌ನ ಬಿಸಿಯನ್ನು ಫಿನ್‌ಗೆ ಒಯ್ಯುವ ಹೀಟ್‌ಪೈಪ್ ಸತ್ತಿದೆ. ಗಾಳಿ ಸುಡುತ್ತಿದ್ದು ರಭಸ ಇಲ್ಲದಿದ್ದರೆ ಫ್ಯಾನ್ ಬದಲಿಸಿ.