ಸಾಬಾಕ್ಕೆ ಕೊನೆಯ ಹದಿನೈದು ನಿಮಿಷ

ಬೆಂಗಳೂರಿನ ವಿಮಾನ ನಿಲ್ದಾಣದ ರನ್‌ವೇ 4000 ಮೀಟರ್ ಉದ್ದ. ಕೆರಿಬಿಯನ್ ಕಡಲಿನ ಸಾಬಾ ದ್ವೀಪದ್ದು 400 ಮೀಟರ್, ಎರಡು ತುದಿಗೂ ಕಡಿದಾದ ಬಂಡೆ, ಕೆಳಗೆ ನೀರು. ಇಲ್ಲಿಂದ ಅಲ್ಲಿಗೆ ಮೂರು ವಿಮಾನ ಸಾಕು. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಸುಮಾರು ಹತ್ತು ತಾಸು, ಅಲ್ಲಿಂದ ಸಾಬಾದ ನೆರೆಯ ದ್ವೀಪ ಸಿಂಟ್ ಮಾರ್ಟೆನ್‌ಗೆ ಸುಮಾರು ಒಂಬತ್ತು, ಇವೆರಡೂ ಡಚ್ ವಿಮಾನ ಸಂಸ್ಥೆ ಕೆಎಲ್‌ಎಂನವು. ಆಮೇಲೆ ವಿನೇರ್ ಸಂಸ್ಥೆಯ 19 ಸೀಟಿನ ಟ್ವಿನ್ ಆಟರ್‌ನಲ್ಲಿ ಹದಿನೈದು ನಿಮಿಷ. ಪ್ರಯಾಣ ಕೆಡುವುದು ಬಹುತೇಕ ಈ ಹದಿನೈದು ನಿಮಿಷದಲ್ಲೇ. ಆದ್ದರಿಂದ ಟಿಕೆಟ್ ಹುಡುಕುವಾಗ ಸಾಬಾದಿಂದ ಹಿಂದಕ್ಕೆ ಬರಬೇಕು: ಮೊದಲು ಚಿಕ್ಕ ವಿಮಾನದ ವೇಳೆ, ಆಮೇಲೆ ದೊಡ್ಡದು.

ಊರವರ ಬಾಯಲ್ಲಿ ಅದು 'ಸೇಬಾ'. ವಿಸ್ತೀರ್ಣ 13 ಚದರ ಕಿಲೋಮೀಟರ್, ನಡುವೆ 887 ಮೀಟರ್ ಎತ್ತರದ ಮೌಂಟ್ ಸೀನರಿ. ಹೆಚ್ಚುಕಡಿಮೆ ಬೆಟ್ಟವೇ ದ್ವೀಪ. ಇಲ್ಲಿ ಇಳಿಯುವುದು ಹಗಲು ಬೆಳಕಿನಲ್ಲಿ ಮಾತ್ರ, ಅದೂ ಪೈಲಟ್ ಕಣ್ಣಿಗೆ ರನ್‌ವೇ ಕಂಡರೆ. ಅಡ್ಡಗಾಳಿ ಜೋರಾದರೆ, ಮೋಡ ಕೆಳಗಿಳಿದರೆ ವಿಮಾನ ಸಿಂಟ್ ಮಾರ್ಟೆನ್‌ಗೇ ವಾಪಸ್. ಯುರೋಪಿನ ವಿಮಾನಗಳು ಸಿಂಟ್ ಮಾರ್ಟೆನ್ ಮುಟ್ಟುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಕತ್ತಲಾಗುವುದು ಆರು–ಏಳರೊಳಗೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎರಡು ತಾಸು ತಡವಾದರೆ ಅಂದಿನ ಸಾಬಾ ವಿಮಾನದ ಆಸೆ ಬಿಡಬೇಕು.

ಹಾಗಾಗಿ ಸಿಂಟ್ ಮಾರ್ಟೆನ್‌ನಲ್ಲಿ ಒಂದು ರಾತ್ರಿಯನ್ನು ಬೇಕೆಂದೇ ಇಟ್ಟುಕೊಳ್ಳುವುದು ಲೇಸು. ಇಲ್ಲೊಂದು ಲೆಕ್ಕವಿದೆ. ಅಂತರರಾಷ್ಟ್ರೀಯ ಟಿಕೆಟ್‌ನಲ್ಲಿ ನಡುವಿನ ತಂಗುವಿಕೆ 24 ತಾಸು ಮೀರದಿದ್ದರೆ ಅದು ಬರೀ ಕನೆಕ್ಷನ್, ಮೀರಿದರೆ ಸ್ಟಾಪ್‌ಓವರ್. ಆಗ ದರವೂ ನಿಯಮವೂ ಬದಲಾಗಬಹುದು. ಇಂದು ಮಧ್ಯಾಹ್ನ ಇಳಿದು ನಾಳೆ ಬೆಳಿಗ್ಗೆ ಹೊರಟರೆ ಗೆರೆಯ ಒಳಗೇ ಇರುತ್ತೀರಿ. ಚೆಕ್-ಇನ್ ಮಾಡುವಾಗ ಲಗೇಜನ್ನು ಸಿಂಟ್ ಮಾರ್ಟೆನ್‌ವರೆಗೆ ಮಾತ್ರ ಹಾಕಿ ಎಂದು ಕೇಳಬೇಕು, ಇಲ್ಲವಾದರೆ ರಾತ್ರಿ ನೀವೊಂದು ಕಡೆ, ಪೆಟ್ಟಿಗೆಯೊಂದು ಕಡೆ. ಉಳಿದ ಸಂಜೆಗೆ ಮಾಹೊ ಬೀಚ್ ಇದ್ದೇ ಇದೆ. ಈಜುವವರ ನೆತ್ತಿ ಸವರಿದಂತೆ ವಿಮಾನ ಇಳಿಯುವ ಆ ಫೋಟೊಗಳೆಲ್ಲ ಅಲ್ಲಿಯವು.

ಟಿಕೆಟ್ ಕೊಳ್ಳುವಾಗ 'ಡೈರೆಕ್ಟ್' ಎಂಬ ಮಾತಿಗೆ ಮರುಳಾಗಬಾರದು. ಒಂದೇ ನಂಬರಿನ ವಿಮಾನ ನಡುವೆ ಇನ್ನೊಂದು ದ್ವೀಪದಲ್ಲಿ ಇಳಿದು ಮುಂದೆ ಹೋದರೂ ಅದು ಡೈರೆಕ್ಟೇ. ನಿಲ್ಲದೆ ಹೋಗುವುದು 'ನಾನ್‌ಸ್ಟಾಪ್'. ಒಂದು ಪುಟ್ಟ ದ್ವೀಪಕ್ಕೆ ದೊಡ್ಡ ವಿಮಾನ ತುಂಬುವಷ್ಟು ಜನ ಸಿಗುವುದಿಲ್ಲ, ಹಾಗಾಗಿ ಎರಡು ದ್ವೀಪ ಸೇರಿ ಒಂದು ವಿಮಾನ ಹಂಚಿಕೊಳ್ಳುತ್ತವೆ. ಆಮ್‌ಸ್ಟರ್‌ಡ್ಯಾಮ್–ಅರೂಬಾ–ಬೊನೇರ್–ಆಮ್‌ಸ್ಟರ್‌ಡ್ಯಾಮ್ ಅಂಥದೊಂದು ತ್ರಿಕೋನ. ಲಂಡನ್ನಿನಿಂದ ನಸಾವು ಮುಟ್ಟಿ ಗ್ರ್ಯಾಂಡ್ ಕೇಮನ್‌ಗೆ ಹೋಗುವುದು ಇನ್ನೊಂದು. ಜನ ಹೆಚ್ಚುಕಡಿಮೆಯಾದಾಗ ಮೊದಲು ಅದಲುಬದಲಾಗುವುದೂ ಇಂಥ ಮಾರ್ಗಗಳೇ.

ವೇಳಾಪಟ್ಟಿ ಮಗುಚಿಕೊಳ್ಳುವ ಕಾಲ ಮಾರ್ಚ್ ಕೊನೆ ಮತ್ತು ಅಕ್ಟೋಬರ್ ಕೊನೆ. ಆಗ ಯುರೋಪಿನಲ್ಲಿ ಗಡಿಯಾರ ಒಂದು ತಾಸು ಸರಿಯುತ್ತದೆ. ಬೆಂಗಳೂರಿನದೂ ಸಿಂಟ್ ಮಾರ್ಟೆನ್‌ನದೂ ಸರಿಯುವುದಿಲ್ಲ. ಅವೆರಡರ ನಡುವಿನ ಅಂತರ ವರ್ಷವಿಡೀ ಒಂಬತ್ತೂವರೆ ತಾಸು. ಹೀಗಾಗಿ ಬೇಸಿಗೆಯಲ್ಲಿ ಕೊಂಡ ನವೆಂಬರ್ ಟಿಕೆಟ್‌ಗೆ 'ಸಮಯ ಬದಲಾಗಿದೆ' ಎಂಬ ಇಮೇಲ್ ಬಂದರೆ ಆಶ್ಚರ್ಯವಿಲ್ಲ. ಬಂದ ಕೂಡಲೇ 'ಒಪ್ಪಿಗೆ' ಒತ್ತಬೇಡಿ. ಮೂರು ವಿಮಾನಗಳ ವೇಳೆಯನ್ನೂ ಕಾಗದದ ಮೇಲೆ ಬರೆದು ಸಾಬಾದ ಕೊಂಡಿ ಉಳಿದಿದೆಯೇ ನೋಡಿ. ದೊಡ್ಡ ವಿಮಾನ ಸರಿದಾಗ ಚಿಕ್ಕದು ತಾನಾಗಿ ಸರಿಯುವುದಿಲ್ಲ. ಬುಕಿಂಗ್‌ನಲ್ಲಿ ವಿಮಾನದ ಎದುರಿನ ಎರಡಕ್ಷರದ ಸಂಕೇತ 'ಎಚ್‌ಕೆ' ಎಂದಿದ್ದರೆ ಸೀಟು ಖಾತ್ರಿ. 'ಟಿಕೆ' ಎಂದರೆ ವೇಳೆ ಬದಲಾಗಿದೆ. 'ಯುಎನ್' ಎಂದರೆ ಆ ವಿಮಾನವೇ ಇಲ್ಲ. ಬದಲಿ ಕೊಟ್ಟ ಮೇಲೆ ಇ-ಟಿಕೆಟ್ಟನ್ನೂ ಹೊಸದಾಗಿ ಕೊಟ್ಟಿದ್ದಾರೆಯೇ ಎಂದು ಟಿಕೆಟ್ ಕೊಟ್ಟವರಿಂದಲೇ ಕೇಳಿ ತಿಳಿಯಬೇಕು. ಬುಕಿಂಗ್ ಹೊಸದು, ಟಿಕೆಟ್ ಹಳೆಯದು ಆಗಿಬಿಟ್ಟರೆ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಬರುವುದಿಲ್ಲ.

ಬದಲಿ ಮಾರ್ಗ ಮಯಾಮಿ, ನ್ಯೂಯಾರ್ಕ್ ಅಥವಾ ಪೋರ್ಟೊ ರಿಕೊದ ಸಾನ್ ಹ್ವಾನ್ ಮೂಲಕ ಎಂದರೆ ಅಮೆರಿಕದ ವೀಸಾ ಇಲ್ಲದವರು ಬೇಡ ಎನ್ನಲೇಬೇಕು. ಅಲ್ಲಿ ವಿಮಾನ ಬದಲಿಸುವುದಕ್ಕೂ ವಲಸೆ ತಪಾಸಣೆ ದಾಟಿ ಒಳಬರಬೇಕು. ಪ್ಯಾರಿಸ್‌ನಲ್ಲಿ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ಓರ್ಲಿ ನಿಲ್ದಾಣಕ್ಕೆ ಹೋಗಿ ಎಂದರೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಬಹುತೇಕ ದೇಶಗಳಿಗೆ ಒಂದೇ ಆದ ವೀಸಾ, ಬೇಕು. ಸಾಬಾ, ಸಿಂಟ್ ಮಾರ್ಟೆನ್‌ನಂಥ ಡಚ್ ದ್ವೀಪಗಳು ಶೆಂಗೆನ್‌ಗೆ ಸೇರಿಲ್ಲ, ಅವಕ್ಕೆ 'ಕೆರಿಬಿಯನ್ ವೀಸಾ' ಬೇರೆಯೇ ಇದೆ.

ಟ್ವಿನ್ ಆಟರ್ ಎತ್ತುವ ಭಾರ ಆ ಹೊತ್ತಿನ ಗಾಳಿ, ಬಿಸಿಲನ್ನು ನೋಡಿ ಏರಿಳಿಯುತ್ತದೆ. ಹೆಚ್ಚಾದರೆ ಜನರನ್ನಲ್ಲ, ಪೆಟ್ಟಿಗೆಯನ್ನು ಹಿಂದೆ ಉಳಿಸುತ್ತಾರೆ. ಅದು ಮುಂದಿನ ವಿಮಾನಕ್ಕೆ ಬರುತ್ತದೆ. ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ.

ವಿಮಾನ ರದ್ದಾದರೆ ದೋಣಿಯಿದೆ. ಒಂದೂವರೆ ತಾಸಿನ ಹಾದಿ, ದಿನವೂ ಇರುವುದಿಲ್ಲ, ಅಲೆ ಎದ್ದಾಗ ಹೊಟ್ಟೆ ತೊಳಸದವರು ಕಡಿಮೆ. ಆದರೆ ಹೇಳದೆ ಕೇಳದೆ ದೋಣಿ ಹತ್ತಿದರೆ ದೊಡ್ಡ ಪೇಚು: ಒಂದೇ ಟಿಕೆಟ್‌ನಲ್ಲಿ ಒಂದು ವಿಮಾನಕ್ಕೆ ಹೋಗದಿದ್ದರೆ ಅದು 'ನೋ-ಶೋ' ಆಗಿ ಮುಂದಿನದೆಲ್ಲ, ಬೆಂಗಳೂರಿಗೆ ಮರಳುವ ವಿಮಾನವೂ ಸೇರಿ, ರದ್ದಾಗಬಹುದು. ಮೊದಲು ವಿಮಾನ ಸಂಸ್ಥೆಗೆ ತಿಳಿಸಿ, ಆ ಒಂದು ತುಂಡನ್ನು ಮಾತ್ರ ತೆಗೆಸಿ, ಉಳಿದದ್ದು ಊರ್ಜಿತ ಎಂದು ಬರಹದಲ್ಲಿ ಪಡೆದು ಆಮೇಲೆ ದೋಣಿಗೆ ಹೋಗಬೇಕು.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ದರ ಇಳಿಯುವುದೂ ಆಗಲೇ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಬಡಿದಾಗ ಸಿಂಟ್ ಮಾರ್ಟೆನ್‌ನ ಟರ್ಮಿನಲ್ ಹಾಳಾಗಿ, ಆಮೇಲೆ ಪ್ರಯಾಣಿಕರನ್ನು ಡೇರೆಗಳಲ್ಲಿ ಕೂರಿಸಿ ವಿಮಾನ ಹತ್ತಿಸಿದರು.

ಮರಳುವಾಗಲೂ ಲೆಕ್ಕ ಅದೇ, ತಿರುವುಮುರುವಾಗಿ. ಸಾಬಾದಲ್ಲಿ ಕೊನೆಯ ರಾತ್ರಿ ಕಳೆದು ಅದೇ ದಿನದ ಯುರೋಪ್ ವಿಮಾನ ಹಿಡಿಯುವ ಯೋಜನೆ ಹಾಕಬೇಡಿ. ಹಿಂದಿನ ದಿನವೇ, ಆದಷ್ಟು ಬೆಳಗಿನ ಟ್ವಿನ್ ಆಟರ್‌ನಲ್ಲಿ ಹೊರಡಿ. ಅದು ರದ್ದಾದರೂ ಸಂಜೆಯೊಳಗೆ ಇನ್ನೊಂದು ವಿಮಾನಕ್ಕೋ ದೋಣಿಗೋ ಹೊತ್ತಿರುತ್ತದೆ.