ಕೀಪ್ಯಾಡ್ ಸೆಟ್ಟು, ತೋಟದ ಮೋಟಾರು

9 ನವೆಂಬರ್ 2025, ಭಾನುವಾರ
ತಿಪಟೂರು

ಬೆಳಿಗ್ಗೆ ಅಪ್ಪನ ಮೊಬೈಲಿಗೆ ಒಂದು ಮೆಸೇಜ್ ಬಂದಿತ್ತು. ಹಳೆಯ ಸಿಮ್ ಕೊಟ್ಟು 4ಜಿ ಸಿಮ್ ಪಡೆಯಿರಿ, ಹತ್ತಿರದ ಅಂಗಡಿಗೆ ಬನ್ನಿ ಎಂಬ ಒಕ್ಕಣೆ. ಪೂರ್ತಿ ಇಂಗ್ಲಿಷಿನಲ್ಲಿತ್ತು. "ಏನಮ್ಮ ಇದು, ಕರೆನ್ಸಿ ಮುಗಿಯಿತೇ?" ಎಂದು ಕೇಳಿದರು. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಸ ಸಿಮ್ ಈ ಸೆಟ್ಟಿನಲ್ಲಿ ನಡೆಯುತ್ತದೆಯೇ? ಮೋಟಾರಿನ ಡಬ್ಬಕ್ಕೆ ಏನು ಮಾಡುವುದು?" ಎಂದರು. ಸದ್ಯಕ್ಕೆ ಸೆಟ್ಟಿನಲ್ಲಿ ನಡೆಯುತ್ತದೆ, ಭಯವಿಲ್ಲ ಎಂದೆ. ತೋಟದ ಪಂಪನ್ನು ಫೋನಿನಿಂದಲೇ ನಡೆಸುವ ಆ ಡಬ್ಬದ ಪ್ರಶ್ನೆ ಮಾತ್ರ ಇಡೀ ದಿನ ತಲೆಯಲ್ಲೇ ಉಳಿಯಿತು.

ಅಪ್ಪನ ಮೊದಲ ಸೆಟ್ಟು ನೋಕಿಯಾ 1100. 2003ರಲ್ಲಿ ಬಂದ ಆ ಮಾದರಿ ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ನೆತ್ತಿಯ ಮೇಲೆ ಟಾರ್ಚ್, ದೂಳು ಒಳಗೆ ಹೋಗದಂತೆ ಒಂದೇ ಹಾಳೆಯಾಗಿ ಹೊದಿಸಿದ ರಬ್ಬರಿನ ಕೀಲಿಗಳು, ಕೈ ಜಾರದಂತೆ ಪಕ್ಕಗಳಲ್ಲಿ ಒರಟು ಹಿಡಿತ. ನಮ್ಮಂಥ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದನ್ನು ರೂಪಿಸಿದ್ದರು. ಈಗಿರುವುದು ಅದೇ ವಂಶದ ಇನ್ನೊಂದು ಸೆಟ್ಟು. ಅದರ ಬಿಎಲ್-5ಸಿ ಬ್ಯಾಟರಿ ಇಂದಿಗೂ ಸಂತೆಯಲ್ಲಿ ಸಿಗುತ್ತದೆ, ಅಪ್ಪನ ಎಫ್‌ಎಂ ರೇಡಿಯೊಗೂ ಅದೇ ಹೊಂದುತ್ತದೆ.

ಇವತ್ತು ಅವರು ಫೋನ್ ಮಾಡುವುದನ್ನು ಗಮನವಿಟ್ಟು ನೋಡಿದೆ. ಕಣ್ಣು ತೆಂಗಿನ ಗರಿಗಳ ಮೇಲೆ, ಹೆಬ್ಬೆರಳು ಕೀಲಿಗಳ ಮೇಲೆ. ಐದರ ಕೀಲಿಯ ನಡುವೆ ಉಬ್ಬಿದ ಒಂದು ಸಣ್ಣ ಚುಕ್ಕೆ ಇದೆ. ಬೆರಳು ಮೊದಲು ಅದನ್ನು ಹುಡುಕಿಕೊಳ್ಳುತ್ತದೆ, ಅಲ್ಲಿಂದ ಮೇಲೆ, ಕೆಳಗೆ, ಪಕ್ಕಕ್ಕೆ ಸರಿಯುತ್ತದೆ. ಅಂಕಿಗಳು ಉಜ್ಜಿ ಅಳಿಸಿಹೋಗಿವೆ, ಚುಕ್ಕೆ ಮಾತ್ರ ಉಳಿದಿದೆ. ಕೈಯಲ್ಲಿ ಕೆಸರಿದ್ದರೂ, ಎಳನೀರು ಕೆತ್ತಿ ಅಂಟಾಗಿದ್ದರೂ ನಂಬರ್ ತಪ್ಪುವುದಿಲ್ಲ. ತಮ್ಮ ಕೊಡಿಸಿದ ಟಚ್ ಫೋನ್ ಕೂಡ ಮನೆಯಲ್ಲಿದೆ. ಒದ್ದೆ ಬೆರಳಿಗೆ ಅದು ಓಗೊಡುವುದಿಲ್ಲ. ಎಲ್ಲೋ ತಾಗಿ ಯಾವುದೋ ಪರದೆ ತೆರೆದುಕೊಂಡರೆ ಅಪ್ಪ ಅದನ್ನು ನನ್ನತ್ತ ಚಾಚುತ್ತಾರೆ. ನನಗೆ ನೋವಾಗುವುದು ಇಲ್ಲೇ. ಇಂಗ್ಲಿಷ್ ಮೆಸೇಜ್ ಓದಿಸುವುದೊಂದನ್ನು ಬಿಟ್ಟರೆ, ಕೀಪ್ಯಾಡ್ ಸೆಟ್ಟಿನ ಮಟ್ಟಿಗೆ ಅವರು ಯಾರನ್ನೂ ಕೇಳಬೇಕಾಗಿಲ್ಲ. ಅದರೊಳಗಿನ ಪ್ರತಿಯೊಂದೂ ಅವರಿಗೆ ಗೊತ್ತು, ಅದು ಸಂಪೂರ್ಣವಾಗಿ ಅವರದು. ಟಚ್ ಫೋನ್ ಹಿಡಿದ ಕ್ಷಣ ಮಕ್ಕಳ ಸಹಾಯ ಬೇಕಾಗುವ ವೃದ್ಧರಾಗಿಬಿಡುತ್ತಾರೆ.

ಹಳೆಯ ಮೊಬೈಲುಗಳ ಬಗ್ಗೆ ಮಾತು ಬಂದರೆ ಎಲ್ಲರೂ ಹಾವಿನ ಆಟ, ರಿಂಗ್‌ಟೋನು ಎನ್ನುತ್ತಾರೆ. ನನಗೆ ಮೊದಲು ನೆನಪಾಗುವುದು ಮಿಸ್ ಕಾಲ್. ಈ ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತೆಯಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ಮಾಡಿದ್ದು. ಆಮೇಲೆ ಎಷ್ಟೋ ವರ್ಷ ಕರೆ ಬಂದರೂ ದುಡ್ಡು ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಅದರ ಹಿಂದೆಯೇ ಮಿಸ್ ಕಾಲಿನ ಭಾಷೆ ಹುಟ್ಟಿಕೊಂಡಿತು. ಒಂದು ರಿಂಗ್ ಎಂದರೆ ಬಸ್ ಹತ್ತಿದ್ದೇನೆ, ಎರಡು ಎಂದರೆ ಗೇಟಿನ ಹತ್ತಿರ ಬನ್ನಿ. ಹಾಸ್ಟೆಲಿನಲ್ಲಿದ್ದಾಗ ರಾತ್ರಿ ಮನೆಯಿಂದ ಒಂದು ರಿಂಗ್ ಬಂದರೆ ಎಲ್ಲರೂ ಕ್ಷೇಮ ಎಂದು ತಿಳಿದು ಮಲಗುತ್ತಿದ್ದೆ. ಒಂದು ಪೈಸೆ ಖರ್ಚಿಲ್ಲದೆ ಮಾತು ಮುಟ್ಟುತ್ತಿತ್ತು. ಈ ಅಭ್ಯಾಸವನ್ನೇ ಬಂಡವಾಳ ಮಾಡಿಕೊಂಡು ಬೆಂಗಳೂರಿನ ಜಿಪ್‌ಡಯಲ್ ಎಂಬ ಕಂಪನಿ ಬೆಳೆಯಿತು, 2015ರಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. ಎಸ್ಸೆಮ್ಮೆಸ್ಸಿನಲ್ಲಿ ಮಾತ್ರ ಕನ್ನಡಕ್ಕೆ ಅನ್ಯಾಯವಾಗಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡ ಲಿಪಿಯಲ್ಲಾದರೆ 70. ಅದರಲ್ಲೂ ಒತ್ತು, ಕೊಂಬು ಎಲ್ಲವೂ ಬೇರೆ ಬೇರೆ ಲೆಕ್ಕ.

ಇನ್ನು ಆ ಡಬ್ಬದ ವಿಷಯ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ಸಿಗುವುದು ದಿನಕ್ಕೆ ಏಳು ಗಂಟೆ ಎಂದು ಲೆಕ್ಕ. ಅದೂ ಪಾಳಿಯಲ್ಲಿ, ಎಷ್ಟೋ ಸಲ ರಾತ್ರಿ. ಮೊದಲೆಲ್ಲ ಅಪ್ಪ ನಡುರಾತ್ರಿ ಎದ್ದು, ಟಾರ್ಚ್ ಹಿಡಿದು, ಬದುವಿನ ಮೇಲೆ ಕಾಲು ನೋಡಿಕೊಂಡು ಬೋರ್‌ವೆಲ್ ತನಕ ನಡೆಯುತ್ತಿದ್ದರು. ಹಾವಿನ ಭಯ, ಚಿರತೆಯ ಭಯ. ಅಮ್ಮ ಅವರು ಬರುವ ತನಕ ಬಾಗಿಲಲ್ಲೇ ಕುಳಿತಿರುತ್ತಿದ್ದರು. ಸ್ಟಾರ್ಟರಿಗೆ ಮೊಬೈಲ್ ಡಬ್ಬ ಹಾಕಿಸಿದ ಮೇಲೆ ಅದೆಲ್ಲ ನಿಂತಿತು. ಡಬ್ಬದೊಳಗೆ ಒಂದು ಸಿಮ್ ಇದೆ. ಕರೆಂಟು ಬಂದರೆ ಅದೇ ಅಪ್ಪನಿಗೆ ಫೋನ್ ಮಾಡುತ್ತದೆ. ಅಪ್ಪ ಮಲಗಿದಲ್ಲಿಂದಲೇ ಒಂದು ಕೀಲಿ ಒತ್ತುತ್ತಾರೆ, ಮೋಟಾರು ಶುರುವಾಗುತ್ತದೆ. ಸಾಕೆನಿಸಿದಾಗ ಇನ್ನೊಂದು ಕೀಲಿ. ಕೀಲಿ ಒತ್ತಿದಾಗ ಹೊರಡುವ ಕೀಂ ಎನ್ನುವ ಸ್ವರವೇ ಆ ಯಂತ್ರಕ್ಕೆ ಅಪ್ಪಣೆ. ಇಂಟರ್ನೆಟ್ ಬೇಡ, ಆ್ಯಪ್ ಬೇಡ, ಪಾಸ್‌ವರ್ಡ್ ಬೇಡ. ಆದರೆ ನಮ್ಮ ಡಬ್ಬಕ್ಕೆ ಗೊತ್ತಿರುವುದು 2ಜಿ, ಅಂದರೆ ಹಳೆಯ ಮೊಬೈಲ್ ಜಾಲ ಮಾತ್ರ. ಕಂಪನಿಗಳು ಆ ಜಾಲವನ್ನು ನಿಲ್ಲಿಸಿದ ದಿನ ಅದರೊಳಗೆ ಯಾವ ಸಿಮ್ ಹಾಕಿದರೂ ಉಪಯೋಗವಿಲ್ಲ.

ಕಂಪನಿಗಳು ಹಳೆಯ ಜಾಲವನ್ನು ಏಕೆ ಮುಚ್ಚಲು ಬಯಸುತ್ತವೆ ಎಂಬುದು ನನಗೆ ಅರ್ಥವಾಗುತ್ತದೆ. ತರಂಗಾಂತರ ಎನ್ನುವುದು ಅಳತೆಯ ಜಮೀನು. 2ಜಿ ಬಳಸುವ 900 ಮೆಗಾಹರ್ಟ್ಸ್ ಪಟ್ಟಿ ಬಹಳ ದೂರ ಹರಡುತ್ತದೆ, ಗೋಡೆ ದಾಟಿ ಒಳಗೂ ಬರುತ್ತದೆ. ಅದೇ ಜಾಗದಲ್ಲಿ 4ಜಿ ನಡೆಸಿದರೆ ಅನೇಕ ಪಟ್ಟು ಡೇಟಾ ಸಾಗಿಸಬಹುದು. ಎರಡೆರಡು ಜಾಲಗಳಿಗೆ ವಿದ್ಯುತ್ತು, ಬಿಡಿಭಾಗ, ದುರಸ್ತಿ ಎಲ್ಲವೂ ದುಪ್ಪಟ್ಟು. ಏರ್‌ಟೆಲ್ 2020ರಲ್ಲೇ 3ಜಿ ನಿಲ್ಲಿಸಿ 2ಜಿಯನ್ನು ಉಳಿಸಿಕೊಂಡಿತು. ಕೀಪ್ಯಾಡ್ ಸೆಟ್ಟಿನವರು ಅಷ್ಟೊಂದು ಜನ ಇದ್ದರು. 2016ರಲ್ಲಿ ಬಂದ ಜಿಯೊ 2ಜಿಯನ್ನು ಇಟ್ಟುಕೊಳ್ಳಲೇ ಇಲ್ಲ.

ಮುಚ್ಚುವುದನ್ನು ಅವಸರದಲ್ಲಿ ಮಾಡಿದರೆ ಏನಾಗುತ್ತದೆ ಎಂದು ಚಿಕ್ಕಮ್ಮನಿಂದ ತಿಳಿಯಿತು. ಅವರು ಕಳೆದ ವರ್ಷ ಮಗನ ಮನೆಗೆಂದು ಮೆಲ್ಬರ್ನ್‌ಗೆ ಹೋಗಿದ್ದರು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಯಲ್ಲಿ 3ಜಿ ಮುಚ್ಚಿದರು. 2ಜಿ ಅದಕ್ಕೂ ಮೊದಲೇ ಹೋಗಿತ್ತು. ಚಿಕ್ಕಮ್ಮನದು ಇಲ್ಲಿಂದ ಒಯ್ದ 4ಜಿ ಫೋನೇ. ಆದರೂ ಅಲ್ಲಿನ ಸಿಮ್ ಹಾಕಿದರೆ ಸಂಪರ್ಕವೇ ಸಿಗಲಿಲ್ಲ. ಅಂಥ ಕೆಲವು ಫೋನುಗಳು ಡೇಟಾಗೆ ಮಾತ್ರ 4ಜಿ ಬಳಸಿ, ಮಾತಿಗೆ, ತುರ್ತು ಕರೆಗೆ ಹಳೆಯ ಜಾಲಕ್ಕೆ ಇಳಿಯುತ್ತವೆ. ತುರ್ತು ಸಂಖ್ಯೆ 000ಗೆ ಕರೆ ಹೋಗದ ಫೋನಿಗೆ ಸೇವೆಯನ್ನೇ ಕೊಡಬಾರದೆಂದು ಅಲ್ಲಿನ ನಿಯಮ. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಪರದೇಶದಲ್ಲಿ ಮಗ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಉಳಿಯುವ ಹೆಂಗಸಿನ ಕೈಯಲ್ಲಿ ಕೆಲಸಕ್ಕೆ ಬಾರದ ಫೋನು.

ಸಂಜೆ ಪೇಟೆಯ ಮೊಬೈಲ್ ಅಂಗಡಿಗೆ ಹೋಗಿಬಂದೆ. "ಅಕ್ಕ, ಇನ್ನು ಮೇಲೆ 4ಜಿ ಕೀಪ್ಯಾಡೇ ತೆಗೆದುಕೊಳ್ಳಿ, ಅಪ್ಪನಿಗೆ ಅಭ್ಯಾಸವೂ ತಪ್ಪುವುದಿಲ್ಲ" ಎಂದ ಅಂಗಡಿಯ ಹುಡುಗ. ಕೈಗೆ ತೆಗೆದುಕೊಂಡು ಒತ್ತಿ ನೋಡಿದೆ. ಐದರ ಮೇಲೆ ಚುಕ್ಕೆ ಇದೆ. ಅಷ್ಟರಮಟ್ಟಿಗೆ ಸಮಾಧಾನ. ರೀಚಾರ್ಜಿನ ಮಾತೂ ಬಂತು. 2005ರ ಕೊನೆಯಲ್ಲಿ 999 ರೂಪಾಯಿಗೆ ಜೀವಮಾನದ ಒಳಕರೆ ಎಂದು ಮಾರಿದರು. 2018ರಲ್ಲಿ ಒಳಕರೆ ಉಳಿಸಿಕೊಳ್ಳುವುದಕ್ಕೇ 28 ದಿನಕ್ಕೆ 35 ರೂಪಾಯಿ ಎಂದರು. ಡೇಟಾ ಬೇಡದವರೂ ಡೇಟಾ ಕೊಳ್ಳುವಂತಾಯಿತು. ಮಾತು ಮತ್ತು ಎಸ್ಸೆಮ್ಮೆಸ್ಸಿಗಷ್ಟೇ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದ್ದು ನಿಜಕ್ಕೂ ದೊಡ್ಡ ಉಪಕಾರ. ಹಾಗೆಯೇ 2ಜಿ ನಿಲ್ಲಿಸುವುದಕ್ಕೂ ಒಂದು ನಿಯಮ ಬೇಕು. ದಿನಾಂಕವನ್ನು ವರ್ಷಗಳ ಮೊದಲೇ ಸಾರಬೇಕು, ಕನ್ನಡದಲ್ಲಿ ಸಾರಬೇಕು. ಸೆಟ್ಟುಗಳನ್ನು ಎಣಿಸುವಾಗ ತೋಟದ ಡಬ್ಬಗಳನ್ನೂ ಎಣಿಸಬೇಕು. ಅವುಗಳನ್ನು ಬದಲಿಸಲು ರೈತನಿಗೆ ನೆರವಾಗಬೇಕು. ಇಷ್ಟನ್ನು ಟ್ರಾಯ್‌ಗೆ ಪತ್ರವಾಗಿ ಬರೆಯಲು ಕುಳಿತಿದ್ದೇನೆ, ಅರ್ಧ ಮುಗಿದಿದೆ.

ನಾಳೆ ಮೋಟಾರು ರಿಪೇರಿಯವರು ಬಂದು ಡಬ್ಬ ಬಿಚ್ಚಿ ನೋಡುತ್ತಾರೆ. ಒಳಗಿನ ಬೋರ್ಡ್ ಮಾತ್ರ ಬದಲಿಸಲು ಸಾಧ್ಯವೋ, ಪೂರ್ತಿ ಹೊಸದೇ ಬೇಕೋ ಆಗ ತಿಳಿಯುತ್ತದೆ. ಹೊಸದಾದರೂ ಆ್ಯಪ್ ಇರುವಂಥದ್ದು ಬೇಡ, ಕೀಲಿ ಒತ್ತಿದರೆ ಕೇಳುವಂಥದ್ದೇ ಬೇಕು ಎಂದು ಅಪ್ಪ ಆಗಲೇ ಅವರಿಗೆ ಫೋನಿನಲ್ಲಿ ತಾಕೀತು ಮಾಡಿದ್ದಾರೆ.